ಗಂಜಿ ಮೇಡಂ ‘ಆಗುತ್ತೆ’ ಅಂದದ್ದು

ಸತ್ತವರ ಎದೆಯಿಂದ ತೆಗೆದ ಯಂತ್ರವನ್ನು ಗಂಜಿಯಲ್ಲಿ ಮುಳುಗಿಸಿ ಕಾಯಿಸಿ ನೋಡುವ ಹೆಂಗಸೊಬ್ಬಳಿದ್ದಾಳೆ ಎಂದು ದರ್ಜಿಯಮ್ಮ ಮೊದಲು ಕೇಳಿದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಗಂಡನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗ.

ಚಪ್ಪಲಿ ಕೈಯಲ್ಲಿ ಯಾಕೆಂದರೆ, ಅದು ಕಾಲಿನಿಂದ ಜಾರಿ ಬಿದ್ದರೂ ದರ್ಜಿಗೆ ಗೊತ್ತಾಗುತ್ತಿರಲಿಲ್ಲ. ಮೊದಲು ಹೆಬ್ಬೆರಳು ಜೋಮು ಹಿಡಿಯಿತು, ಆಮೇಲೆ ಅಂಗಾಲು. ಬರಬರುತ್ತಾ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲಿದೆಯೋ ನೆಲದ ಮೇಲಿದೆಯೋ ಎಂದು ಬಗ್ಗಿ ನೋಡಿಕೊಳ್ಳುವಂತಾಯಿತು. ಕಾಲು ನೋಡುತ್ತ ಹೊಲಿದರೆ ಹೊಲಿಗೆ ಹೇಗೆ ನೆಟ್ಟಗೆ ಬಂದೀತು? ಹಾವು ಹರಿದ ಹಾಗೆ ಬರುತ್ತಿತ್ತು. ಬೆನ್ನುಹುರಿಯನ್ನು ಏನೋ ಒತ್ತುತ್ತಿದೆ, ಎಂಆರ್‌ಐ ತೆಗೆಸದೆ ಕತ್ತಿ ಹಾಕುವುದಿಲ್ಲ, ತಡಮಾಡಿದರೆ ಸೊಂಟದ ಕೆಳಗೆ ಪೂರ್ತಿ ಹೋಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿ ಕಳಿಸಿದ್ದರು.

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿದ್ದವನು ಕೇಳಿದ, “ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ?”

ದರ್ಜಿ ಕಾಲರಿನಿಂದ ಎರಡು ಸೂಜಿ ಕಿತ್ತರು, ಜೇಬಿನಿಂದ ಬೆರಳುಟೋಪಿ ತೆಗೆದರು, ಸೊಂಟದಿಂದ ಬೀಗದ ಕೈ ಬಿಚ್ಚಿದರು. ಎಲ್ಲವನ್ನೂ ಮೇಜಿನ ಮೇಲಿಟ್ಟು, “ಇನ್ನೊಂದಿದೆ, ಅದನ್ನ ತೆಗೆಯೋಕಾಗಲ್ಲ. ಎದೆಯೊಳಗೆ ಹೊಲಿದುಬಿಟ್ಟಿದ್ದಾರೆ” ಎಂದು ನಕ್ಕರು. ಹೃದಯ ನಿಧಾನವಾದಾಗ ಚುರುಕು ಮುಟ್ಟಿಸುವ ಯಂತ್ರ ಅದು. ಬಹಳ ವರ್ಷಗಳ ಹಿಂದೆ ಹಾಕಿಸಿಕೊಂಡದ್ದು.

ಬಾಗಿಲಿನವನ ಮುಖ ಬಿಳಿಚಿಕೊಂಡಿತು. ದರ್ಜಿಯ ತೋಳು ಹಿಡಿದು ಅಷ್ಟು ದೂರ ಎಳೆದುಕೊಂಡು ಹೋದ. “ಯಜಮಾನ್ರೇ, ಇನ್ನು ಸ್ವಲ್ಪ ಆಗಿದ್ರೆ ಒಳಗೇ ಹೋಗಿಬಿಡ್ತಿದ್ರಿ. ಈ ಯಂತ್ರ ಇದ್ದವರನ್ನ ನಾವು ಮಲಗಿಸಲ್ಲ.”

“ಮಲಗಿಸಿದ್ರೆ ಏನಾಗುತ್ತೆ?” ದರ್ಜಿಯಮ್ಮ ಕೇಳಿದಳು.

“ನನಗೇನು ಗೊತ್ತಮ್ಮ. ಏನಾಗುತ್ತೆ ಅಂತ ನೋಡೋಕೇ ಒಬ್ಬಳಿದ್ದಾಳೆ, ಹಿಂದಿನ ಶೆಡ್ಡಲ್ಲಿ. ಗಂಜಿ ಮೇಡಂ. ಸತ್ತವರ ಯಂತ್ರ ತರಿಸ್ಕೊಂಡು ಬೇಯಿಸ್ತಾಳೆ.”

ಆಕೆ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಬಟ್ಟೆ ಒಗೆಯುವ ಕೋಣೆಗಳನ್ನು ದಾಟಿ ಆ ಶೆಡ್ಡನ್ನು ಹುಡುಕಿಕೊಂಡು ಹೋದಳು.

ಒಳಗೆ ಕಂಡದ್ದು ನೋಡಿ ಹೊಸ್ತಿಲಲ್ಲೇ ನಿಂತಳು. ಮೇಜಿನ ಮೇಲೆ ಗಾಜಿನಂಥ ಪ್ಲಾಸ್ಟಿಕ್ಕಿನ ಮನುಷ್ಯನೊಬ್ಬ ಅಂಗಾತ ಮಲಗಿದ್ದ. ತಲೆ ಇತ್ತು, ಎದೆ ಹೊಟ್ಟೆ ಇದ್ದವು, ಕೈಕಾಲು ಇರಲಿಲ್ಲ. ಒಳಗೆಲ್ಲ ಬಟ್ಟೆಗೆ ಹಾಕುವ ಗಂಜಿಯಂಥ ಮಂದವಾದ ಪಾಕ. ಅದರೊಳಗೆ, ಎದೆ ಇರಬೇಕಾದ ಕಡೆ, ಬೆಂಕಿಪೊಟ್ಟಣದಂಥ ಒಂದು ಯಂತ್ರ ತನ್ನ ತಂತಿಯನ್ನು ಬಾಲದ ಹಾಗೆ ಬಿಟ್ಟುಕೊಂಡು ತೇಲುತ್ತಿತ್ತು. ಪಕ್ಕದಲ್ಲಿ ತಲೆಗೂದಲು ಗಿಡ್ಡ ಕತ್ತರಿಸಿಕೊಂಡ ಹೆಂಗಸು ಮೊಣಕೈವರೆಗೆ ಅಂಟು ಮಾಡಿಕೊಂಡು ನಿಂತಿದ್ದರು. ಕಿವಿಯಲ್ಲಿ ಓಲೆಯಿಲ್ಲ, ಕೈಯಲ್ಲಿ ಬಳೆಯಿಲ್ಲ. ಕೋಟಿಗೆ ಪ್ಲಾಸ್ಟಿಕ್ ಗುಂಡಿ, ಅದರಲ್ಲೂ ಒಂದು ಬಿದ್ದುಹೋಗಿತ್ತು.

“ಹೆದರಬೇಡಿ ಅಕ್ಕ,” ಅಂದರು. “ಹೊರಗಿನವರು ಇವನನ್ನ ನನ್ನ ಗಂಡ ಅಂತಾರೆ. ಒಳ್ಳೆಯವನು. ಎದುರು ಮಾತಾಡಲ್ಲ.”

ದರ್ಜಿಯಮ್ಮ ನಗಲಿಲ್ಲ. “ನಮ್ಮೆಜಮಾನ್ರನ್ನ ಯಾಕೆ ಒಳಗೆ ಬಿಡಲ್ಲ?”

ಗಂಜಿ ಮೇಡಂ ಕೈ ತೊಳೆದು ಬಂದು ಕೂತು ಹೇಳಿದರು. ಸ್ಕ್ಯಾನ್ ಯಂತ್ರ ಮೈಯೊಳಕ್ಕೆ ಅಲೆ ಕಳಿಸುತ್ತದೆ. ರೇಡಿಯೋದ ಏರಿಯಲ್ ಹಿಡಿದ ಹಾಗೆ ಎದೆಯ ತಂತಿ ಆ ಅಲೆಯನ್ನು ಹಿಡಿಯುತ್ತದೆ. ಹಿಡಿದದ್ದೆಲ್ಲ ತುದಿಗೆ ಹೋಗಿ ಬಿಸಿಯಾಗುತ್ತದೆ.

“ತುದಿ ಇರೋದು ಎಲ್ಲಿ ಗೊತ್ತಾ? ಹೃದಯದ ಗೋಡೆಯಲ್ಲಿ.”

ಹೊಸ ಯಂತ್ರಗಳಿಗಾದರೆ ಮೊದಲೇ ಪರೀಕ್ಷೆಯಾಗಿರುತ್ತದೆ. ದರ್ಜಿಯದು ಹಳೆಯದು, ತಯಾರಿಸಿದ ಕಂಪನಿಯೇ ಬಾಗಿಲು ಹಾಕಿತ್ತು. ಅದು ಬಿಸಿಯಾಗುತ್ತದೆ ಎಂದೂ ಯಾರೂ ಹೇಳಿರಲಿಲ್ಲ, ಆಗುವುದಿಲ್ಲ ಎಂದೂ ಹೇಳಿರಲಿಲ್ಲ.

“ಹಾಗಾದ್ರೆ ಈ ಗಂಜಿಯಲ್ಲಿ ಹಾಕಿ ನೋಡಿ ಹೇಳಿ.”

“ನೋಡ್ತೀನಿ. ಅದೇ ಯಂತ್ರ, ಅದೇ ತಂತಿ ಇನ್ನೊಂದು ಬೇಕು.”

“ಎಲ್ಲಿ ಸಿಗುತ್ತೆ?”

ಮೇಡಂ ಉಗುರಿಗೆ ಒಣಗಿ ಹಿಡಿದಿದ್ದ ಗಂಜಿಯನ್ನು ಕೀಳುತ್ತ ಕೂತರು. “ಅಂಗಡಿಯಲ್ಲಂತೂ ಸಿಗಲ್ಲ. ಯಾರಾದ್ರೂ ಹೋದಾಗ ಅವರ ಎದೆಯಿಂದ ತೆಗೀತಾರೆ. ಬೆಂಕಿಗೆ ಹಾಕಿದ್ರೆ ಸಿಡಿಯುತ್ತೆ, ಅದಕ್ಕೆ ಹೇಗೂ ತೆಗೀಲೇಬೇಕು. ಅಂಥದ್ದು.”

ಅಂಥದ್ದು ಒಬ್ಬರ ಎದೆಯಲ್ಲಿದೆ ಎಂದು ದರ್ಜಿಯಮ್ಮನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ನೆನಪಿಗೆ ಬಂದದ್ದೇ ತಡ, ಹಾವು ತುಳಿದವಳಂತೆ ಅಲ್ಲಿಂದ ಎದ್ದು ಬಂದಳು.

ಅವರು ಬಸ್ಸಿನ ಡ್ರೈವರಣ್ಣ. ದರ್ಜಿಗೆ ಯಂತ್ರ ಹಾಕಿದ ವಾರವೇ, ಅದೇ ವಾರ್ಡಿನ ಪಕ್ಕದ ಮಂಚದಲ್ಲಿ ಮಲಗಿದ್ದವರು. ಒಂದೇ ಡಬ್ಬಿಯಿಂದ ಬಂದ ಯಂತ್ರಗಳು ಎಂದು ನರ್ಸಮ್ಮ ಹೇಳಿದ ಮೇಲೆ ಇಬ್ಬರೂ ತಮ್ಮನ್ನು ಅವಳಿ ಎಂದು ಕರೆದುಕೊಂಡರು. ಅವತ್ತಿನಿಂದ ಸ್ನೇಹ. ಕೆಲಸ ಬಿಟ್ಟ ಮೇಲೆ ಡ್ರೈವರಣ್ಣ ಸಂಜೆಯಾದರೆ ಅಂಗಡಿಗೆ ಬಂದು, ಕತ್ತರಿಸಿಟ್ಟ ಬಟ್ಟೆಯ ಮೇಲೇ ಕೂತು ಬೈಸಿಕೊಳ್ಳುತ್ತಿದ್ದರು.

ಆಸ್ಪತ್ರೆಯಿಂದ ಬಂದ ಸಂಜೆಯೂ ಬಂದರು. “ಏನೋ ಎಡಚ, ಕಾಲು ಏನಂತೆ?” ಕತ್ತರಿ ಎಡಗೈಲಿ ಹಿಡಿಯುವುದಕ್ಕೆ ದರ್ಜಿಗೆ ಅವರು ಇಟ್ಟ ಹೆಸರು ಅದು.

ದರ್ಜಿ ನಡೆದದ್ದೆಲ್ಲ ಹೇಳಿದರು. ಯಾವುದನ್ನು ಹೇಳಬಾರದೆಂದು ಆಕೆ ಬಾಗಿಲ ಮರೆಯಿಂದ ಕಣ್ಸನ್ನೆ ಮಾಡುತ್ತಿದ್ದಳೋ, ಅದನ್ನೇ ಹೇಳಿಬಿಟ್ಟರು. ಡ್ರೈವರಣ್ಣ ಜೋರಾಗಿ ನಕ್ಕರು. ನಗು ಕೆಮ್ಮಿಗೆ ತಿರುಗಿತು.

“ಹಾಗಾದ್ರೆ ನಾನು ಸ್ವಲ್ಪ ಬೇಗ ಹೊರಡಬೇಕು ಅನ್ನು. ಅತ್ತಿಗೆ, ನಿಮ್ಮ ಗಂಡ ಒಂದು ಪ್ಯಾಂಟು ನೆಟ್ಟಗೆ ಹೊಲಿದುಕೊಟ್ಟಿಲ್ಲ, ಈಗ ನನ್ನ ಎದೆಗೇ ಕೈ ಹಾಕ್ತಿದ್ದಾನೆ ನೋಡಿ.”

ಆಕೆ ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತಲಿಲ್ಲ. ಆದರೆ ಅವತ್ತಿನಿಂದ ಅವರು ಕೆಮ್ಮಿದರೆ ಕಿವಿ ತಾನಾಗಿ ಅತ್ತ ತಿರುಗುತ್ತಿತ್ತು. ಹೆಚ್ಚಾಗಿದೆಯಾ, ಕಡಿಮೆಯಾಗಿದೆಯಾ? ಒಂದು ದಿನ ಅವರು ಬರಲಿಲ್ಲ. ಆಗ ತನ್ನ ಎದೆಯಲ್ಲಿ ಎದ್ದದ್ದು ಗಾಬರಿಯಲ್ಲ, ಇನ್ನೇನೋ ಎಂದು ಆಕೆಗೆ ಗೊತ್ತಾಯಿತು. ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದಳು. ತೊಳೆದರೆ ಹೋಗುವಂಥದ್ದಲ್ಲ. ತಾನು ಇಂಥವಳು ಎಂದು ಅವತ್ತಿನವರೆಗೂ ಆಕೆಗೆ ತಿಳಿದಿರಲಿಲ್ಲ.

ಚಳಿ ಬಿದ್ದ ಮೇಲೆ ಡ್ರೈವರಣ್ಣನ ಶ್ವಾಸಕೋಶಕ್ಕೆ ಕಫ ಇಳಿಯಿತು. ಜ್ವರ ಬಂದದ್ದು ಕೇಳುವ ಹೊತ್ತಿಗೆ ಮನುಷ್ಯನೇ ಇರಲಿಲ್ಲ.

ಹೆಣ ಇನ್ನೂ ಮನೆಯಲ್ಲಿತ್ತು. ಹೆಂಗಸರು ಒಳಗೆ, ಗಂಡಸರು ಬೀದಿಯಲ್ಲಿ. ದರ್ಜಿಯಮ್ಮ ಗೋಡೆಗೆ ಒರಗಿ ಕೂತಳು. ಬಾಯಿಗೆ ಬಂದ ಮಾತು ನುಂಗಲೂ ಆಗದು, ಉಗುಳಲೂ ಆಗದು. ಸತ್ತವನ ಹೆಂಡತಿಯ ಹತ್ತಿರ ಹೋಗಿ, ನಿನ್ನ ಗಂಡನ ಎದೆಯಲ್ಲಿರುವುದನ್ನು ನನಗೆ ಕೊಡು ಎಂದು ಯಾವ ಬಾಯಿಂದ ಕೇಳುವುದು?

ಕೇಳಬೇಕಾಗಲಿಲ್ಲ. ಡ್ರೈವರಣ್ಣನ ಹೆಂಡತಿ ತಾನಾಗಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. “ಆಸ್ಪತ್ರೆಯವರು ಬರ್ತಾರೆ, ಹೇಳಿದೀನಿ ಅಕ್ಕ. ತಂತಿ ಕತ್ತರಿಸದೆ ಪೂರ್ತಿ ತೆಗೀರಿ, ಶೆಡ್ಡಿನ ಮೇಡಂಗೆ ಕೊಡಿ ಅಂತ. ಇವರು ಮೊನ್ನೆಯೇ ಹೇಳಿಟ್ಟಿದ್ರು. ಅತ್ತಿಗೆ ಬಂದು ಗೋಡೆ ಹತ್ರ ಕೂತು ಒದ್ದಾಡ್ತಾರೆ, ಒದ್ದಾಡಿಸಬೇಡ ಅಂದ್ರು.”

ದರ್ಜಿಯಮ್ಮನಿಗೆ ಅಳು ಕೂಡ ಬರಲಿಲ್ಲ. ತನ್ನ ಒಳಗಿನದನ್ನು ಆ ಮನುಷ್ಯ ಎಂದಿನಿಂದ ನೋಡುತ್ತಿದ್ದರು, ನೋಡಿಯೂ ದಿನಾ ಬಂದು ಹೇಗೆ ನಗುತ್ತಿದ್ದರು ಎಂಬುದು ಅವಳಿಗೆ ಬಗೆಹರಿಯಲಿಲ್ಲ.

ಡ್ರೈವರಣ್ಣನ ಯಂತ್ರ ಕೈ ಸೇರಿದ ಮೇಲೆ ಶೆಡ್ಡಿನಲ್ಲಿ ಗಂಜಿ ಮೇಡಂ ದರ್ಜಿಯ ಹಳೆಯ ಎಕ್ಸ್‌ರೇ ಕೇಳಿದರು. ತಂತಿ ಮೈಯಲ್ಲಿ ಯಾವ ದಾರಿ ಹಿಡಿದು ಹೋಗಿದೆಯೋ ಗಂಜಿಯಲ್ಲೂ ಅದೇ ದಾರಿಯಲ್ಲಿ ಮಲಗಿಸಬೇಕು, ಬೆರಳಗಲ ಆಚೀಚೆಯಾದರೂ ಬಿಸಿಯ ಲೆಕ್ಕ ತಪ್ಪುತ್ತದೆ ಎಂದರು. ದರ್ಜಿಯಮ್ಮ ಮನೆಯ ಹಾಸಿಗೆಯ ಅಡಿಯಿಂದ ಫಿಲಂ ತಂದುಕೊಟ್ಟಳು. ಅದರ ಮೇಲಿನ ಒಂದು ಮೂಲೆ ಇರಲಿಲ್ಲ. ಕಾಲರಿನ ಅಚ್ಚಿಗೆ ಗಟ್ಟಿ ಹಾಳೆ ಬೇಕಾಗಿ ದರ್ಜಿ ಎಂದೋ ಕತ್ತರಿಸಿಕೊಂಡಿದ್ದರು.

“ದರ್ಜಿ ಮನೆಯಲ್ಲಿ ಎಕ್ಸ್‌ರೇನೂ ಉಳಿಯಲ್ಲ,” ಎಂದು ಮೇಡಂ ನಕ್ಕರು. ಬೆಳಕಿಗೆ ಹಿಡಿದು ನೋಡಿದರು. ಹುಬ್ಬು ಒಮ್ಮೆ ಗಂಟಾಯಿತು. ಫಿಲಮನ್ನು ಮಗುಚಿ ಹಿಡಿದರು. “ಹ್ಞಾ, ಹೀಗೆ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅಲ್ಲಿಂದ ಆಚೆಗೆ ಅವರ ಕೆಲಸ ನೋಡುವುದೇ ಒಂದು ಸೊಗಸು. ಗಂಜಿಗೆ ಉಪ್ಪು ಹಾಕಿ, ನಮ್ಮ ಮೈಯಲ್ಲಿ ಎಷ್ಟಿದೆಯೋ ಅಷ್ಟೇ ಬರುವವರೆಗೆ ಅಳೆದು ತಿರುವುತ್ತಿದ್ದರು. ನೀರಾದರೆ ಬಿಸಿ ಓಡಿಹೋಗುತ್ತದೆ, ಗಂಜಿಯಲ್ಲಾದರೆ ಮಾಂಸದಲ್ಲಿ ನಿಂತ ಹಾಗೆ ನಿಲ್ಲುತ್ತದೆ ಅನ್ನುತ್ತಿದ್ದರು. ತಂತಿಯನ್ನು ಪ್ಲಾಸ್ಟಿಕ್ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ ಮಲಗಿಸುವಾಗ ಕಾಜಾ ಹೊಲಿಯುವವರಷ್ಟು ಹುಷಾರು. ತುದಿಗೆ ಕೂದಲಿನಂಥ ಗಾಜಿನ ಎಳೆ ತಾಗಿಸುತ್ತಿದ್ದರು; ಬಿಸಿ ಅಳೆಯುವುದು ಅದೇ. ಆಮೇಲೆ ಕೈಕಾಲಿಲ್ಲದ ಮನುಷ್ಯನನ್ನು ಶೆಡ್ಡಿನ ಹಳೆಯ ಸ್ಕ್ಯಾನ್ ಯಂತ್ರದ ಬಾಯೊಳಕ್ಕೆ ತಳ್ಳಿ ಬಾಗಿಲು ಹಾಕುವುದು. ತಗಡು ಬಡಿದಂಥ ಸದ್ದು. ಹೊರಗೆ ಪರದೆಯ ಮೇಲೆ ಒಂದು ಗೆರೆ. ದರ್ಜಿಯಮ್ಮ ಆ ಗೆರೆಯನ್ನೇ ನೋಡುತ್ತ, ಮೇಡಂ ಕೋಟಿನ ಗುಂಡಿ ಹೊಲಿಯುತ್ತ ಕೂತಿದ್ದಳು. ಗೆರೆ ಏಳಲೋ ಬೇಡವೋ ಎಂದು ತೆವಳಿತು, ಅಷ್ಟೇ.

ಮತ್ತೆ ಮಾಡಿದರು. ತಿರುಗಿ ಮಾಡಿದರು. ಕೊನೆಗೆ ಕೈ ಒರೆಸಿಕೊಂಡು, “ಆಗುತ್ತೆ ಅಕ್ಕ,” ಅಂದರು. “ಕರ್ಕೊಂಡು ಬನ್ನಿ.”

ದೊಡ್ಡ ಡಾಕ್ಟರು ಒಪ್ಪಿದರು. ದಿನ ಗೊತ್ತಾಯಿತು. ಆ ಬೆಳಗ್ಗೆ ದರ್ಜಿ ಗಡ್ಡ ಹೆರೆಸಿಕೊಂಡು, ತಾವೇ ಹೊಲಿದ ಒಳ್ಳೆಯ ಅಂಗಿ ತೊಟ್ಟು, ಅದನ್ನು ಅಲ್ಲಿ ಬಿಚ್ಚಿಸಿ ಆಸ್ಪತ್ರೆಯ ನಿಲುವಂಗಿ ಕೊಟ್ಟದ್ದಕ್ಕೆ ಮುನಿಸಿಕೊಂಡು, “ಇದನ್ನ ಹೊಲಿದವನಿಗೆ ಕೈಯಿದೆಯಾ?” ಎಂದು ಗೊಣಗುತ್ತಲೇ ಒಳಗೆ ಹೋದರು. ಹೃದಯದ ಡಾಕ್ಟರೊಬ್ಬರು ಒಳಗೆ ಕಿಟಕಿಯ ಹತ್ತಿರ ನಿಂತರು. ಹೊರಗೆ ಬೆಂಚಿನ ಮೇಲೆ ಆಕೆ, ಪಕ್ಕದಲ್ಲಿ ಗಂಜಿ ಮೇಡಂ. ಇಬ್ಬರಿಗೂ ಕೈ ಸುಮ್ಮನಿರಿಸಲು ಬಾರದು. ಮೇಡಂ ಕೋಟಿನ ಗುಂಡಿಯನ್ನು ತಿರುವುತ್ತಿದ್ದರು.

“ಗಟ್ಟಿಯಾಗಿ ಹೊಲಿದಿದ್ದೀರಿ.”

“ಇವರು ಹೊಲಿದಿದ್ರೆ ಇನ್ನೂ ಗಟ್ಟಿ. ಎಡಗೈ ಬಿಗಿ ಬೇರೆ ಥರ.”

“ಎಡಗೈಯವರಾ?”

“ಹೂಂ. ಅದಕ್ಕೇ ಅಲ್ವಾ, ಯಂತ್ರ ಹಾಕುವಾಗ ಕೈ ಜೋಡಿಸಿ ಕೇಳ್ಕೊಂಡಿದ್ದು. ಎಡಗಡೆ ಹಾಕಿದ್ರೆ ಕತ್ತರಿ ಹಿಡಿಯೋ ತೋಳು ಎಳೆಯುತ್ತೆ, ಬಲಗಡೆ ಹಾಕಿ ಸ್ವಾಮಿ ಅಂತ. ಪುಣ್ಯಾತ್ಮರು ಹಾಗೇ ಹಾಕಿದ್ರು.”

ಗುಂಡಿ ತಿರುವುತ್ತಿದ್ದ ಕೈ ನಿಂತಿತು.

ದರ್ಜಿಯಮ್ಮ ತಿರುಗಿ ನೋಡಿದಳು. ಮನುಷ್ಯರ ಮುಖದಿಂದ ಬಣ್ಣ ಹೋಗುವುದನ್ನು ಅವಳು ಕಂಡಿದ್ದಳು, ಆದರೆ ಹೀಗಲ್ಲ. ಮೇಡಂ ಎದ್ದವರು ಬೆಂಚಿಗೆ ಎಡವಿ ಬಿದ್ದರು, ಎದ್ದರು, ಓಡಿದರು. ಬಾಗಿಲಿನವನು ಅಡ್ಡ ಬಂದ. ಅವನನ್ನು ಎರಡೂ ಕೈಯಿಂದ ನೂಕಿದರು. ಒಳಗೆ ತಗಡು ಬಡಿಯುವ ಸದ್ದು ಆಗತಾನೆ ಶುರುವಾಗಿತ್ತು. “ನಿಲ್ಸಿ, ನಿಲ್ಸಿ, ಹೊರಗೆ ತೆಗೀರಿ ಅವರನ್ನ” ಎನ್ನುತ್ತಲೇ ಗಾಜಿನ ಕಿಟಕಿಯ ಮುಂದಿದ್ದ ಕೆಂಪು ಗುಂಡಿಯ ಮೇಲೆ ಮುಷ್ಟಿ ಹಾಕಿದರು.

ಸದ್ದು ನಿಂತಿತು. ಹಲಗೆಯ ಮೇಲೆ ದರ್ಜಿ ಹೊರಗೆ ಜಾರಿ ಬಂದರು. ಕಣ್ಣು ಬಿಟ್ಟು, “ಆಯ್ತಾ? ಇಷ್ಟೇನಾ?” ಎಂದರು.

ಎದೆಯಲ್ಲಿ ಬಿಸಿಯಾಯಿತಾ, ಉರಿಯಾಯಿತಾ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ, ಇನ್ನೂ ಸರಿಯಾಗಿ ಮಲಗೇ ಇರಲಿಲ್ಲ ಎಂದರು ದರ್ಜಿ. ಏನಾಯಿತೆಂದು ದರ್ಜಿಯಮ್ಮನಿಗೆ ಇನ್ನೂ ತಿಳಿದಿರಲಿಲ್ಲ. ಏನೋ ಆಗುವುದರಲ್ಲಿತ್ತು ಎಂದಷ್ಟೇ ತಿಳಿದಿತ್ತು.

ತಿಳಿದದ್ದು ಶೆಡ್ಡಿನಲ್ಲಿ. ಮೇಡಂ ಯಾರೊಂದಿಗೂ ಮಾತಾಡದೆ ಗಂಜಿಯೊಳಗೆ ಕೈ ಹಾಕಿ ಕಡ್ಡಿಗಳನ್ನು ಕಿತ್ತು, ಯಂತ್ರವನ್ನು ಬಲಗಡೆಗೆ ಇಟ್ಟು, ತಂತಿಯನ್ನು ಹೊಸದಾಗಿ ಮಲಗಿಸಿದರು. ಬಾಗಿಲು ಹಾಕಿದರು. “ಕೂತ್ಕೊಳ್ಳಿ ಅಕ್ಕ. ನೀವು ನೋಡಲೇಬೇಕು.”

ಅವತ್ತು ತೆವಳಿದ್ದ ಗೆರೆ ಇವತ್ತು ಗೋಡೆಯ ಹಾಗೆ ನೆಟ್ಟಗೆ ಎದ್ದಿತು. ಏರುತ್ತಲೇ ಹೋಯಿತು. ಪರದೆಯ ಮೇಲಿನ ಅಂಚು ಮುಟ್ಟಿದಾಗ ಮೇಡಂ ಯಂತ್ರ ನಿಲ್ಲಿಸಿದರು.

“ಇಷ್ಟಕ್ಕೆ ಮಾಂಸ ಬೇಯುತ್ತೆ,” ಅಂದರು. ದನಿ ಯಾರದೋ ಎಂಬಂತಿತ್ತು. “ಯಂತ್ರ ಎಲ್ಲರಿಗೂ ಎಡಗಡೆ ಇರುತ್ತೆ. ನಾನು ನೋಡಿರೋದೆಲ್ಲ ಎಡಗಡೆಯವೇ. ನಿಮ್ಮ ಫಿಲಮಲ್ಲಿ ಬಲಗಡೆ ಕಾಣಿಸ್ತು. ಮಗುಚಿ ಹಿಡಿದಿದ್ದೀನಿ ಅಂದ್ಕೊಂಡು ತಿರುಗಿಸಿದೆ. ಸರಿಯಾಗಿದ್ದದ್ದನ್ನ ನಾನೇ ತಪ್ಪು ಮಾಡಿದೆ.”

ಎಡ ಬಲ ಎಂಬ ಗುರುತು ಇರುತ್ತಿದ್ದದ್ದು ಫಿಲಮಿನ ಆ ಕತ್ತರಿಸಿದ ಮೂಲೆಯಲ್ಲೇ. ಕಾಲರಿನ ಅಚ್ಚಿಗೆ ಹೋದದ್ದು ಅದು. ದರ್ಜಿಯಮ್ಮ ಹಣೆ ಚಚ್ಚಿಕೊಂಡಳು. “ಇವರು ಕತ್ತರಿಸದೇ ಇದ್ದಿದ್ರೆ...”

“ಅದನ್ನ ಹೇಳಬೇಡಿ.” ಮೇಡಂ ಗದರಿದ ಹಾಗೇ ಹೇಳಿದರು. “ಮೂಲೆ ಇಲ್ಲ ಅಂತ ಕಂಡ ಮೇಲೆ ಕೇಳಬೇಕಾದವಳು ನಾನು. ಹೊಸ ಎಕ್ಸ್‌ರೇ ತೆಗೆಸಬಹುದಿತ್ತು. ಅದೂ ಬೇಡ, ಫಿಲಮಲ್ಲಿ ಹೃದಯ ಯಾವ ಕಡೆ ಇದೆ ಅಂತ ನೋಡಿದ್ರೆ ಸಾಕಿತ್ತು. ನಾನು ತಂತಿ ಮಾತ್ರ ನೋಡಿದೆ.”

ದರ್ಜಿಯಮ್ಮ ಏನಾದರೂ ಹೇಳಲು ಹೋದರೆ ಬೈಗುಳ ಬರುತ್ತಿತ್ತು. ಮನೆಗೆ ಬಂದು ಗಂಡನ ಬಲ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. “ಏನೇ ಇದು, ಈ ವಯಸ್ಸಲ್ಲಿ?” ಎಂದು ದರ್ಜಿ ತಮಾಷೆ ಮಾಡಿದರು. ಅವರಿಗೆ ಆ ಗೆರೆಯನ್ನು ತೋರಿಸಿರಲಿಲ್ಲ.

ಡ್ರೈವರಣ್ಣ ಹೋದದ್ದೂ ದಂಡ, ಬೆನ್ನು ನೋಡುವುದೂ ಮುಗಿಯಿತು ಎಂದು ಅವಳು ಅಂದುಕೊಂಡಳು. ಮೇಡಂ ಹಾಗೆ ಅಂದುಕೊಳ್ಳಲಿಲ್ಲ. ಗೆರೆ ಗೋಡೆಯ ಹಾಗೆ ಎದ್ದದ್ದು ಸ್ಕ್ಯಾನ್ ಯಂತ್ರವನ್ನು ಪೂರ್ತಿ ಜೋರಿನಲ್ಲಿ ಓಡಿಸಿದಾಗ. ಸಣ್ಣ ಉರಿಯಲ್ಲಿ ಇಟ್ಟ ಹಾಗೆ, ಅಲೆಯನ್ನು ತಗ್ಗಿಸಿ, ಸ್ವಲ್ಪ ಸ್ವಲ್ಪ ತೆಗೆದು, ನಡುನಡುವೆ ತಣಿಯಲು ಬಿಟ್ಟರೆ? ಎಡಕ್ಕಿಟ್ಟು ನೋಡಿದರು, ಬಲಕ್ಕಿಟ್ಟು ನೋಡಿದರು, ತಂತಿಯನ್ನು ಬೇಕೆಂದೇ ವಕ್ರ ಮಾಡಿ ನೋಡಿದರು. ಗಂಜಿ ಹಳಸಿದರೆ ಚೆಲ್ಲಿ ಹೊಸದು ಕಾಯಿಸಿದರು. ಡಾಕ್ಟರುಗಳು ಬೈದರು; ಒಬ್ಬರಂತೂ ಆ ಹೆಂಗಸಿನ ಮಾತಿನ ಮೇಲೆ ನಾನು ಇನ್ನು ಯಾರನ್ನೂ ಮಲಗಿಸುವುದಿಲ್ಲ ಎಂದರು. ಹಾಗನ್ನಿ, ಆದರೆ ಬಂದು ನೋಡಿ ಅನ್ನಿ ಎಂದು ಮೇಡಂ ಅವರನ್ನೇ ಪರದೆಯ ಮುಂದೆ ಕೂರಿಸಿದರು.

ಆಮೇಲೆ ಒಂದು ದಿನ ಅಂಗಡಿಗೇ ಬಂದರು. ಕೂರಲಿಲ್ಲ. “ಆಗುತ್ತೆ ಅಂತ ನಾನು ಹೇಳಲ್ಲ,” ಅಂದರು. “ಆ ಮಾತನ್ನ ಬಿಟ್ಟಿದ್ದೀನಿ. ಎಷ್ಟು ಬಿಸಿಯಾಗುತ್ತೆ ಅಂತ ಹೇಳ್ತೀನಿ. ಮೈ ಬೆಚ್ಚಗಾದಷ್ಟು. ಒಳಗೆ ಹೋಗೋದು ಬಿಡೋದು ನಿಮ್ಮದು.”

ದರ್ಜಿ ಹೆಂಡತಿಯ ಮುಖ ನೋಡಿದರು. ಆಕೆ ಗಂಡನ ಕಾಲು ನೋಡಿದಳು. ಪಾದದಲ್ಲಿ ಸೂಜಿ ಚುಚ್ಚಿಕೊಂಡಿತ್ತು, ರಕ್ತ ಒಣಗಿತ್ತು, ಅವರಿಗೆ ಗೊತ್ತೇ ಇರಲಿಲ್ಲ.

“ಹೋಗಿ ಬನ್ನಿ,” ಅಂದಳು.

ಸಣ್ಣ ಉರಿಯ ಸ್ಕ್ಯಾನು ಹಗಲೆಲ್ಲ ಹಿಡಿಯಿತು. ಬೆನ್ನುಹುರಿಗೆ ಅಂಟಿಕೊಂಡು ಒಂದು ಗಂಟು ಬೆಳೆದಿತ್ತು, ಕೆಟ್ಟದ್ದಲ್ಲ. ಕತ್ತಿ ಹಾಕಿ ತೆಗೆದರು. ಒಂದು ಕಾಲಿಗೆ ಸ್ಪರ್ಶ ಪೂರ್ತಿ ಬಂತು, ಇನ್ನೊಂದಕ್ಕೆ ಅರೆಬರೆ. ಪೆಡಲ್ ತುಳಿಯಲು ಒಂದೇ ಕಾಲು ಸಾಕು ಎಂದು ದರ್ಜಿ ಮತ್ತೆ ಅಂಗಡಿಯಲ್ಲಿ ಕೂತರು. ಮೊದಲು ಹೊಲಿದದ್ದು ಡ್ರೈವರಣ್ಣನ ಮಗನಿಗೆ ಒಂದು ಪ್ಯಾಂಟು. ದುಡ್ಡು ಮುಟ್ಟಲಿಲ್ಲ. ಅದಾದ ಮೇಲೆ ಬಹಳ ವರ್ಷ ಇದ್ದರು. ಒಂದು ಮಧ್ಯಾಹ್ನ ಕತ್ತರಿ ಕೆಳಗಿಟ್ಟು, ಊಟಕ್ಕೆ ಏಳುವ ಮೊದಲೇ ಹೋದರು.

ಗಂಜಿ ಮೇಡಂ ಕೊನೆಯವರೆಗೂ ಒಂಟಿ. ಭಾನುವಾರ ದರ್ಜಿಯಮ್ಮನ ಮನೆಗೆ ಊಟಕ್ಕೆ ಬರುತ್ತಿದ್ದರು, ಕೋಟು ಹರಿದಿದ್ದರೆ ಬಿಚ್ಚಿಕೊಟ್ಟು ಹೋಗುತ್ತಿದ್ದರು. ಹೊಟ್ಟೆಯ ಕಾಯಿಲೆ ಅವರನ್ನು ಮಂಚ ಹಿಡಿಸಿದಾಗ ಪಕ್ಕದಲ್ಲಿ ಕೂರಲು ಇದ್ದವಳು ದರ್ಜಿಯಮ್ಮ ಒಬ್ಬಳೇ. ಅದೇ ಆಸ್ಪತ್ರೆ, ಮೇಲಿನ ಮಹಡಿ. ಮೇಡಂ ಕಡ್ಡಿಯಾಗಿದ್ದರು. ಮಾತು ಸ್ವಚ್ಛವಾಗಿತ್ತು.

“ಅಕ್ಕ, ಶೆಡ್ಡಿಗೆ ಹೊಸಬರು ಬಂದಿದ್ದಾರೆ. ಬಹಳ ಓದಿದವರು, ಒಳ್ಳೆಯವರು. ಒಂದಿನ ಹೋಗಿ ಅವರಿಗೆ ಹೇಳ್ತೀರಾ?”

“ಏನು ಹೇಳಲಿ? ನೀವು ಬಿದ್ದು ಎದ್ದು ಓಡಿ, ಇವರನ್ನ ಹೊರಗೆ ಎಳೆದದ್ದಾ?”

ಮೇಡಂ ದಿಂಬಿನ ಮೇಲೆ ತಲೆ ಅಲ್ಲಾಡಿಸಿದರು.

“ಅದನ್ನ ಕೊನೆಗೆ ಹೇಳಿ, ಹೊತ್ತಿದ್ರೆ. ನಾನು ‘ಆಗುತ್ತೆ’ ಅಂದೆ ಅಂತ ಮೊದಲು ಹೇಳಿ. ಮೂರು ಸಲ ನೋಡಿ ಆಮೇಲೆ ಅಂದೆ ಅನ್ನಿ. ಮೂಲೆ ಕತ್ತರಿಸಿದ್ದನ್ನ ಮಾತ್ರ ಬಾಯಿಬಿಡಬೇಡಿ. ತಪ್ಪೆಲ್ಲ ಅದರ ಮೇಲೆ ಹಾಕಿ ನನ್ನ ಬಿಟ್ಟುಬಿಡ್ತಾರೆ.”